ಅಕ್ಷರವೇ ಹೆಸರಾದ ಬ್ರಾಹ್ಮಿ

ಮಗುವಿಗೆ ಹೆಸರಿಡುವುದು ಜೈನ ಗೃಹಸ್ಥರಿಗೆ ಕೇವಲ ಮನೆಯ ಸಂಭ್ರಮವಲ್ಲ, ಅದೊಂದು ಸಂಸ್ಕಾರ. ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಗೃಹಸ್ಥರ ಕ್ರಿಯೆಗಳನ್ನು ವಿವರಿಸುವಾಗ ನಾಮಕರ್ಮವನ್ನು ಹೇಳಿ, ಮುಂದೆ ಮಗುವಿನ ಐದನೆಯ ವರ್ಷದಲ್ಲಿ ಅಕ್ಷರ ಮತ್ತು ಅಂಕಿಗಳನ್ನು ಕಲಿಸುವ ಲಿಪಿಸಂಖ್ಯಾನವನ್ನೂ ಹೇಳಿದ್ದಾರೆ. ಹೆಸರು ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ನೆನಪಿಸುವ ಒಂದು ಸ್ತ್ರೀನಾಮವಿದೆ. ಅದೇ ಬ್ರಾಹ್ಮಿ.

‘ಬ್ರಹ್ಮ’ ಶಬ್ದದಿಂದ ಬಂದ ಸ್ತ್ರೀಲಿಂಗ ರೂಪವಿದು. ಬೆಳೆಯುವುದು, ವೃದ್ಧಿಹೊಂದುವುದು ಎಂಬ ಅರ್ಥ ಆ ಶಬ್ದದ ಮೂಲದಲ್ಲಿದೆ. ಅಮರಕೋಶವು ಭಾರತೀ, ವಾಣೀ, ಸರಸ್ವತೀ ಎಂಬ ಪದಗಳ ಜೊತೆಗೆ ಬ್ರಾಹ್ಮಿಯನ್ನೂ ಮಾತಿನ ಪರ್ಯಾಯನಾಮವಾಗಿ ಹೇಳುತ್ತದೆ. ಪ್ರಾಕೃತದಲ್ಲಿ ಇದು ‘ಬಂಭೀ’ ಎಂದಾಗುತ್ತದೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ನಮ್ಮ ಹಿರಿಯರು ಚಟ್ನಿ, ತಂಬುಳಿ ಮಾಡಿಸುತ್ತಿದ್ದ ಒಂದೆಲಗಕ್ಕೂ ಇದೇ ಹೆಸರುಂಟು.

ಜೈನ ಪರಂಪರೆಯಲ್ಲಿ ಈ ಹೆಸರಿನ ಮೂಲ ಇನ್ನೂ ಆಳವಾದುದು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಲೋಕಕ್ಕೆ ತೋರಿಸಿಕೊಟ್ಟ ವೃಷಭದೇವನನ್ನು ‘ಆದಿಬ್ರಹ್ಮ’ನೆಂದು ಸ್ತುತಿಸುತ್ತಾರೆ. ಅವನ ಮಗಳು ಬ್ರಾಹ್ಮಿ. ಭರತನ ಒಡಹುಟ್ಟಿದ ತಂಗಿ. ಬಾಹುಬಲಿಯ ತಂಗಿ ಸುಂದರಿ.

ಒಂದು ದಿನ ಈ ಇಬ್ಬರು ಬಾಲಿಕೆಯರು ತಂದೆಯ ಬಳಿಗೆ ಬಂದು ನಮಸ್ಕರಿಸಿದರು. ವೃಷಭದೇವ ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ವಿದ್ಯೆಯಿಂದಲೇ ಜನ್ಮ ಸಾರ್ಥಕವೆಂದು ತಿಳಿಹೇಳಿದ. ಬಲಗೈಯಿಂದ ಬ್ರಾಹ್ಮಿಗೆ ವರ್ಣಮಾಲೆಯನ್ನೂ ಎಡಗೈಯಿಂದ ಸುಂದರಿಗೆ ಅಂಕಿಗಳನ್ನೂ ಬರೆದು ಕಲಿಸಿದ. ಬ್ರಾಹ್ಮಿ ಕಲಿತ ಲಿಪಿ ಬ್ರಾಹ್ಮೀ ಲಿಪಿಯಾಯಿತೆಂಬುದು ಪರಂಪರೆಯ ನಂಬಿಕೆ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಭಗವತೀ ಸೂತ್ರದ ಆರಂಭದಲ್ಲಿ ಈ ಲಿಪಿಗೇ ನಮಸ್ಕಾರ ಸಲ್ಲುತ್ತದೆ.

ಇಲ್ಲಿ ಗಮನಿಸಬೇಕಾದುದು ಕಲಿಸಿದ ಕ್ರಮ. ವೃಷಭದೇವನಿಗೆ ನೂರಕ್ಕೂ ಹೆಚ್ಚು ಗಂಡುಮಕ್ಕಳು. ಅವರಿಗೆ ಅರ್ಥಶಾಸ್ತ್ರ, ಸಂಗೀತ, ಚಿತ್ರಕಲೆ ಮೊದಲಾದವನ್ನು ಅವನು ಬೋಧಿಸಿದ್ದು ಆಮೇಲೆ. ಆದಿಪುರಾಣದ ಪ್ರಕಾರ ಈ ಯುಗದ ಮೊದಲ ಪಾಠ ಹೆಣ್ಣುಮಕ್ಕಳಿಗೆ ದೊರೆಯಿತು. ಮಗಳಿಗೆ ಓದೇಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಪುರಾಣದ ಕಾಲವನ್ನು ಶಾಸನದ ಕಾಲದಿಂದ ಅಳೆಯಲಾಗದು. ಆದರೂ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಆಜ್ಞೆಗಳು ಇಂದಿಗೂ ಬ್ರಾಹ್ಮೀ ಲಿಪಿಯಲ್ಲಿಯೇ ಇವೆ. ನಾವು ಬರೆಯುವ ಕನ್ನಡ ಅಕ್ಷರಗಳು ಅದೇ ಬ್ರಾಹ್ಮಿಯ ಸಂತತಿ. ಷಟ್ಖಂಡಾಗಮದ ವ್ಯಾಖ್ಯಾನವಾದ ಧವಲಾ ಗ್ರಂಥವನ್ನು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ಹಳಗನ್ನಡ ಲಿಪಿಯ ತಾಳೆಗರಿಗಳು. ಜಿನವಾಣಿ ಉಳಿದದ್ದು ಅಕ್ಷರದ ಆಶ್ರಯದಲ್ಲಿ.

ಬ್ರಾಹ್ಮಿಯ ಬಾಳು ಅಕ್ಷರಕ್ಕೇ ನಿಲ್ಲಲಿಲ್ಲ. ತಂದೆಗೆ ಕೇವಲಜ್ಞಾನವಾದ ಮೇಲೆ ಆಕೆ ದೀಕ್ಷೆ ಪಡೆದು, ಸಮವಸರಣದ ಆರ್ಯಿಕಾ ಸಂಘಕ್ಕೆ ಪ್ರಮುಖಳಾದಳು. ಶ್ವೇತಾಂಬರ ಕಥೆಯಂತೆ, ತಪಸ್ಸಿನಲ್ಲಿ ನಿಂತ ಬಾಹುಬಲಿಗೆ ಮಾನವೆಂಬ ಆನೆಯಿಂದ ಇಳಿಯಬೇಕೆಂದು ತಿಳಿಹೇಳಿದವರು ಬ್ರಾಹ್ಮಿ ಮತ್ತು ಸುಂದರಿ. ಕಲಿತ ಮಾತು ಸೋದರನ ಅಹಂಕಾರವನ್ನು ಕರಗಿಸಿತು. ವಿದ್ಯೆಯ ಫಲ ಪಾಂಡಿತ್ಯವಲ್ಲ, ಸಮ್ಯಕ್ ಜ್ಞಾನ.

ಮಗಳಿಗೆ ಬ್ರಾಹ್ಮಿ ಎಂದು ಹೆಸರಿಡುವ ತಂದೆತಾಯಿಗಳು ಚೆಲುವಾದ ಶಬ್ದವೊಂದನ್ನು ಮಾತ್ರ ಆರಿಸಿದಂತಲ್ಲ. ಆಕೆಯನ್ನು ಓದಿಸುವ, ಆಕೆಯ ವಿವೇಕದ ಮಾತಿಗೆ ಮನೆಯಲ್ಲಿ ಕಿವಿಗೊಡುವ ವ್ರತವನ್ನೂ ಕೈಗೊಂಡಂತೆ. ಹೆಸರು ಬೇರೆಯಾಗಿದ್ದರೂ ಆ ವ್ರತ ಪ್ರತಿಯೊಂದು ಮನೆಯ ಮಗಳಿಗೂ ಸಲ್ಲಬೇಕು.