ಮಳೆಗಾಲ ಬಿಟ್ಟು ಗುಡ್ಡ ನೋಡುವ ಕಾನೂನು

ದೊಡ್ಡ ಗಣಿಗೆ ಪರಿಸರ ಅನುಮತಿ ಕೇಳುವವರು ಗಾಳಿ, ನೀರು, ಮಣ್ಣಿನ ವರದಿಯ ಜೊತೆ ಆ ಜಾಗದ ಸಸ್ಯಗಳ ಪಟ್ಟಿಯನ್ನೂ ಕೊಡಬೇಕು. ಕೇಂದ್ರ ಪರಿಸರ ಸಚಿವಾಲಯದ ಮಾದರಿ ಷರತ್ತಿನಂತೆ ಒಂದೇ ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು. ದೂಳು ಅಳೆಯಲು ಇದು ಸರಿಯಾದ ಕಾಲ. ಆದರೆ ಇಳಕಲ್, ಹುನಗುಂದ, ಬಾದಾಮಿಯ ಕಲ್ಲುಗುಡ್ಡಗಳಂಥ ಕಡೆ ಸಸ್ಯ ಹುಡುಕಲು ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ.

ಬಯಲುಸೀಮೆಯ ಸೆರೊಪೀಜಿಯ, ಬ್ರಾಕಿಸ್ಟೆಲ್ಮದಂಥ ಗಿಡಗಳು ಮಳೆ ಬಿದ್ದ ಮೇಲೆ ಚಿಗುರಿ, ಹೂಬಿಟ್ಟು, ಬೇಸಿಗೆಯ ಹೊತ್ತಿಗೆ ಗೆಡ್ಡೆಯಾಗಿ ನೆಲದೊಳಗೆ ಅಡಗುತ್ತವೆ. ಕ್ಯಾರಲ್ಲುಮದ ದಪ್ಪ ಕಾಂಡವೇನೋ ಉಳಿಯುತ್ತದೆ. ಆದರೆ ಹೂವಿಲ್ಲದಾಗ ಯಾವ ಪ್ರಭೇದವೆಂದು ಹೇಳುವುದು ತಜ್ಞರಿಗೂ ಕಷ್ಟ. ಈ ಬಳಗದ ಕ್ಯಾರಲ್ಲುಮ ಟ್ರಂಕೇಟೊ-ಕೊರೊನೇಟ ಉತ್ತರ ಕರ್ನಾಟಕದ ಒಣಗುಡ್ಡಗಳ ಅಪರೂಪದ ಗಿಡ. ಅದನ್ನು ಮೊದಲು ಹೆಸರಿಸಿ ವಿವರಿಸಿದವರು ಎಲ್.ಜೆ. ಸೆಡ್ಜ್‌ವಿಕ್. 1921ರಲ್ಲಿ ಮುಂಬೈ ಪ್ರಾಂತ್ಯದ ಜನಗಣತಿಯ ಉಸ್ತುವಾರಿ ಹೊತ್ತಿದ್ದ ಐಸಿಎಸ್ ಅಧಿಕಾರಿ ಅವರು. ಜನರ ತಲೆ ಎಣಿಸುವ ಕೆಲಸದವರಿಗೆ ಗಿಡ ನೋಡಲೂ ಬಿಡುವಿತ್ತು!

ಈ ಗಿಡಗಳ ಬದುಕು ಬಂಡೆಯ ಬಿರುಕಿಗೆ, ಅಲ್ಲಿ ಸಿಕ್ಕ ಹಿಡಿ ಮಣ್ಣಿಗೆ ಅಂಟಿಕೊಂಡದ್ದು. ಪರಾಗ ಸಾಗಿಸುವುದು ಕೊಳೆತ ಮಾಂಸದಂಥ ವಾಸನೆಗೆ ಮರುಳಾಗಿ ಬರುವ ನೊಣ. ಬೀಜಕ್ಕೆ ರೇಷ್ಮೆಯಂಥ ಕುಚ್ಚಿದ್ದು ಗಾಳಿಯಲ್ಲಿ ತೇಲುತ್ತದೆ. ಆದರೆ ಇಳಿಯಲು ಇನ್ನೊಂದು ಬಿರುಕು ಬೇಕಲ್ಲ. ಗಣಿಗೆ ಬೇಕಾದದ್ದೂ ಈ ಬಂಡೆಯೇ: ಇಳಕಲ್ಲಿನ ಕೆಂಪು ಗ್ರಾನೈಟ್ ವಿದೇಶಕ್ಕೂ ಹೋಗುತ್ತದೆ. ಕ್ವಾರಿ ಮುಚ್ಚುವಾಗ ಹೊರಗಿನ ಮಣ್ಣು ತಂದು ಸುರಿದು ಬೇವು, ಹೊಂಗೆ ನೆಡಬಹುದು. ಹಾಸುಬಂಡೆಯನ್ನು ಮತ್ತೆ ಕಟ್ಟಲಾಗದು.

ಸಣ್ಣ ಗುತ್ತಿಗೆಗಳ ಕಥೆ ಇನ್ನೂ ಸಡಿಲ. 2012ರ ಫೆಬ್ರುವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರ್‌ಗಿಂತ ಕಡಿಮೆ ಜಾಗದ, ಗ್ರಾನೈಟ್‌ನಂಥ ಉಪಖನಿಜಕ್ಕೂ ಪರಿಸರ ಅನುಮತಿ ಬೇಕೆಂದಿತು. 2016ರ ಜನವರಿಯ ಅಧಿಸೂಚನೆ ಅಂಥ ಬಿಡಿ ಗುತ್ತಿಗೆಗಳಿಗೆ ಪೂರ್ಣ ಪ್ರಮಾಣದ ಅಧ್ಯಯನ, ಸಾರ್ವಜನಿಕ ಅಹವಾಲು ಎರಡರಿಂದಲೂ ವಿನಾಯಿತಿ ಕೊಟ್ಟಿತು. ಹಾಗಾಗಿ ಒಂದೇ ಗುಡ್ಡದಲ್ಲಿ ಬೆಳೆಯುವ ಪ್ರಭೇದ, ಯಾರೂ ಅದರ ಹೆಸರು ಬರೆದುಕೊಳ್ಳುವ ಮೊದಲೇ ಮುಗಿದುಹೋಗಬಹುದು.

ಒಂದೇ ಜಾಗದ ಗಿಡಕ್ಕೂ ಗಣಿಗೂ ಜಗಳ ಬೇರೆಡೆಯೂ ಇದೆ. ಅಮೆರಿಕದ ನೆವಾಡದಲ್ಲಿ ಟೀಮ್ಸ್ ಬಕ್‌ವೀಟ್ ಎಂಬ ಹೂಗಿಡ ಇಡೀ ಜಗತ್ತಿನಲ್ಲಿ ಇರುವುದು ಸುಮಾರು 10 ಎಕರೆಯಲ್ಲಿ. ಅಲ್ಲೇ ಲಿಥಿಯಂ ಇದೆ. 2022ರ ಡಿಸೆಂಬರ್‌ನಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. 2024ರ ಅಕ್ಟೋಬರ್‌ನಲ್ಲಿ ಗಣಿಗೂ ಒಪ್ಪಿಗೆ ಸಿಕ್ಕಿತು. ಅಲ್ಲಿ ಕನಿಷ್ಠ ಜಗಳವಾಡಲು ಗಿಡದ ಎಣಿಕೆಯಾದರೂ ಇತ್ತು.

ನಮ್ಮಲ್ಲಿ ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆಯಿದೆ: ಬಾದಾಮಿಯ ಗುಹಾಲಯಗಳಾದ ಮೇಣಬಸದಿಯ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಹೂಗಿಡಗಳ ಗುಡ್ಡಕ್ಕೂ ಇಂಥ ರಕ್ಷಣೆ ಕೊಡಲು ದಾರಿಯಿದೆ: 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನಡಿ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳೊಂದಿಗೆ ಚರ್ಚಿಸಿ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸಬಹುದು. ಅದಕ್ಕೆ ಮುನ್ನ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಸ್ಯಶಾಸ್ತ್ರ ಬಲ್ಲವರು ಗುಡ್ಡ ಹತ್ತಿ ಗಿಡಗಳನ್ನು ಪಟ್ಟಿ ಮಾಡಬೇಕು. ಆ ಪಟ್ಟಿ ಬರುವತನಕ ಹೊಸ ಗುತ್ತಿಗೆ ಕೊಡಬಾರದು.