ಎಂಜಿನ್ ಇಲ್ಲದೆ ಗಂಟೆಗೆ 320 ಕಿ.ಮೀ.: ಚಳ್ಳಕೆರೆಯಲ್ಲಿ ಇಳಿದ ಪುಷ್ಪಕ

ಪುಷ್ಪಕ ಎಂಬುದು ಇಸ್ರೊ ರೂಪಿಸಿರುವ, ರೆಕ್ಕೆಗಳುಳ್ಳ, ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಪ್ರಾಯೋಗಿಕ ಮಾದರಿ. ಮಾಮೂಲಿ ರಾಕೆಟ್ಟಿನ ಹಂತಗಳು ಕೆಲಸ ಮುಗಿದ ಕೂಡಲೇ ಸಮುದ್ರಕ್ಕೆ ಬೀಳುತ್ತವೆ. ವರ್ಷಗಟ್ಟಲೆ ದುಡಿದು ಕಟ್ಟಿದ ಯಂತ್ರ ಕೆಲವೇ ನಿಮಿಷಗಳಲ್ಲಿ ಕಳೆದುಹೋಗುತ್ತದೆ. ಹಾಗಾಗದೆ ಬಾಹ್ಯಾಕಾಶಕ್ಕೆ ಹೋದದ್ದು ವಿಮಾನದ ರೀತಿಯಲ್ಲಿ ರನ್‌ವೇಗೆ ಮರಳಬೇಕೆಂಬುದು ಈ ಯೋಜನೆಯ ಗುರಿ. ಮರಳಿ ಬರುವ ದಾರಿಯ ಕೊನೆಯ ತುಂಡು, ಅಂದರೆ ನೆಲಕ್ಕೆ ಇಳಿದು ನಿಲ್ಲುವ ಕೆಲಸ, ಪರೀಕ್ಷೆಗೆ ಒಳಗಾದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ. 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23: ಮೂರು ಸಲ ಇಳಿಸಲಾಯಿತು, ಮೂರು ಸಲವೂ ವಾಹನ ರನ್‌ವೇ ಮೇಲೆಯೇ ನಿಂತಿತು.

ಸ್ಥಳದ ಆಯ್ಕೆಗೆ ಕಾರಣ ನೆಲದಲ್ಲೇ ಇದೆ. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲಿ ಇವೂ ಸೇರಿವೆ. ಮೊಳಕಾಲ್ಮುರಿನ ಕಡೆ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದಂಥ ಬಂಡೆಗುಡ್ಡಗಳು ಎದ್ದು ನಿಂತಿವೆ. ದಕ್ಷಿಣಕ್ಕೆ ಚಳ್ಳಕೆರೆಯತ್ತ ಬಂದಂತೆ ನೆಲ ಬಿಚ್ಚಿಕೊಂಡು ಹುಲ್ಲುಗಾವಲಾಗುತ್ತದೆ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳೆಲ್ಲ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದವು. ಸೈನ್ಯದ ಫಿರಂಗಿ, ಸಾಮಾನು ಸರಂಜಾಮುಗಳನ್ನು ಎಳೆದು ಹೆಸರು ಪಡೆದ, ನಡಿಗೆಯ ವೇಗಕ್ಕೂ ತಾಳಿಕೆಗೂ ಪ್ರಸಿದ್ಧವಾದ ತಳಿ ಅದು. ಇಲ್ಲಿಯೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪುಷ್ಪಕ ಇಳಿದ ರನ್‌ವೇ ಇರುವ ತನ್ನ ವೈಮಾನಿಕ ಪರೀಕ್ಷಾ ವಲಯವನ್ನು ಕಟ್ಟಿತು. 2017ರ ಮೇ 28ರಂದು ಅದರ ಉದ್ಘಾಟನೆ ನಡೆಯಿತು. ಅದಕ್ಕೆ ಮೊದಲೇ, 2016ರ ನವೆಂಬರಿನಲ್ಲಿ, ರುಸ್ತುಂ-2 ಎಂಬ ಮಾನವರಹಿತ ವಿಮಾನ ಇಲ್ಲಿಂದ ಹಾರಿತ್ತು. ಕಾವಲಿನ ಸಾವಿರಾರು ಎಕರೆ ಹೀಗೆ ಸಂಸ್ಥೆಗಳ ಪಾಲಾದಾಗ ಕುರಿಗಾಹಿಗಳೂ ದನಗಾಹಿಗಳೂ ಮೇವಿನ ನೆಲ ಕಳೆದುಕೊಂಡರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ಪುಷ್ಪಕದ ಬೆಲೆ ಲೆಕ್ಕ ಹಾಕುವವರು ಆ ನೆಲವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಮೊದಲ ಪ್ರಯೋಗದ ದಿನ ಬೆಳಿಗ್ಗೆ 7.10ಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಪುಷ್ಪಕವನ್ನು ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಬಿಟ್ಟಿತು. ಗಂಟೆ 7.40 ಆಗುವಾಗ ವಾಹನ ನೆಲದ ಮೇಲಿತ್ತು. ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಅಷ್ಟು ಎತ್ತರಕ್ಕೆ ಒಯ್ದು, ತಾನೇ ಇಳಿಯಲು ಬಿಟ್ಟದ್ದು ಈ ಪ್ರಯೋಗದ ವೈಶಿಷ್ಟ್ಯ. ಅಮೆರಿಕದ ನಾಸಾ 1977ರಲ್ಲಿ ತನ್ನ ಎಂಟರ್‌ಪ್ರೈಸ್ ನೌಕೆಯನ್ನು ಪರೀಕ್ಷಿಸಿದಾಗ ಬೋಯಿಂಗ್ 747 ವಿಮಾನದ ಬೆನ್ನ ಮೇಲಿನಿಂದ ಬಿಟ್ಟಿತ್ತು, ಒಳಗೆ ಪೈಲಟ್‌ಗಳೂ ಇದ್ದರು. ಕ್ಯಾಲಿಫೋರ್ನಿಯದ ಒಣಗಿದ ಕೆರೆಯಂಗಳದ ಬಯಲನ್ನು ನಾಸಾ ಆರಿಸಿಕೊಂಡದ್ದಕ್ಕೂ ಇಲ್ಲಿ ಚಳ್ಳಕೆರೆಯನ್ನು ಆರಿಸಿಕೊಂಡದ್ದಕ್ಕೂ ಕಾರಣ ಒಂದೇ: ಒಣಹವೆ, ತೆರೆದ ನೆಲ, ವಿರಳ ಜನವಸತಿ.

ಬಿಟ್ಟ ಜಾಗದಿಂದ ಇಳಿಯುವ ಜಾಗಕ್ಕೆ ನಾಲ್ಕೂವರೆ ಕಿಲೋಮೀಟರಿನಷ್ಟೇ ದೂರ. ಪ್ರಯಾಣಿಕ ವಿಮಾನ ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ ನಿಧಾನವಾಗಿ ರನ್‌ವೇಗೆ ಬರುತ್ತದೆ. ಪುಷ್ಪಕಕ್ಕೆ ಆ ಸೌಕರ್ಯವಿಲ್ಲ. ಈ ಪ್ರಯೋಗಗಳಲ್ಲಿ ಅದಕ್ಕೆ ತಳ್ಳುವ ಎಂಜಿನ್ ಇರಲಿಲ್ಲ. ಇಳಿಯುವಾಗ ತಪ್ಪಾದರೆ ಮತ್ತೆ ಮೇಲೆದ್ದು ಒಂದು ಸುತ್ತು ಹೊಡೆದು ಬರುವಂತಿಲ್ಲ. ಎತ್ತರವೇ ಅದರ ಇಂಧನ. ಮೂತಿ ತಗ್ಗಿಸಿ ಕಡಿದಾಗಿ ಇಳಿಯುತ್ತ ಎತ್ತರವನ್ನು ವೇಗವನ್ನಾಗಿ ಮಾರ್ಪಡಿಸಿಕೊಳ್ಳಬೇಕು, ನೆಲ ಹತ್ತಿರವಾದಾಗ ಮೂತಿ ಎತ್ತಿ ಬೀಳುವ ವೇಗವನ್ನು ತಗ್ಗಿಸಿಕೊಳ್ಳಬೇಕು. ಇಷ್ಟನ್ನೂ ಮನುಷ್ಯನ ಕೈ ತಾಗದೆ ಒಳಗಿನ ಗಣಕವೇ ಮಾಡಬೇಕು. ಎರಡನೆಯ ಪ್ರಯೋಗದಲ್ಲಿ ವಾಹನವನ್ನು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಡಲಾಯಿತು, ಮೂರನೆಯದರಲ್ಲಿ 500 ಮೀಟರ್. ಅದೂ ಜೂನ್ ತಿಂಗಳಲ್ಲಿ, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಬಿರುಸಾಗಿ ತಿರುಗುವ ಕಾಲದಲ್ಲಿ. ಮೂರರಲ್ಲಿ ನಿಜವಾದ ಪರೀಕ್ಷೆ ಎಂದರೆ ಇದೇ.

ದಾರಿ ತಿಳಿಯಲು ಪುಷ್ಪಕಕ್ಕೆ ಕೊಟ್ಟ ಸಲಕರಣೆಗಳು ಒಂದನ್ನೊಂದು ತಾಳೆ ನೋಡುವಂಥವು. ಜಡತ್ವ ಸಂವೇದಕ ವಾಹನದ ಪ್ರತಿಯೊಂದು ತಿರುವನ್ನೂ ಒಲೆತವನ್ನೂ ಅಳೆಯುತ್ತದೆ. ಆದರೆ ಸಣ್ಣ ದೋಷಗಳು ಕೂಡುತ್ತ ಹೋದಂತೆ ಅದರ ಲೆಕ್ಕ ಜರುಗುತ್ತದೆ. ಆ ಜರುಗನ್ನು ತಿದ್ದಲು ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತವಿದೆ. ನೆಲ ಹತ್ತಿರ ಬಂದಾಗ ಅಷ್ಟು ನಿಖರತೆಯೂ ಸಾಲದು. ಅದಕ್ಕಾಗಿ ಉಪಗ್ರಹದ ಹಾಗೆಯೇ ಸಂಕೇತ ಕಳಿಸುವ, ಸ್ಯೂಡೊಲೈಟ್ ಎಂಬ ಪ್ರೇಷಕಗಳನ್ನು ನೆಲದ ಮೇಲೇ ಇರಿಸಲಾಗುತ್ತದೆ. ರೇಡಾರ್ ಎತ್ತರಮಾಪಕ ಕೆಳಗಿನ ನೆಲಕ್ಕೆ ತರಂಗ ಕಳಿಸಿ, ಮರಳಿ ಬಂದದ್ದರಿಂದ ಎತ್ತರ ಅಳೆಯುತ್ತದೆ. ಗಾಳಿ ಯಾವ ವೇಗದಲ್ಲಿ, ಯಾವ ಕೋನದಲ್ಲಿ ಬಡಿಯುತ್ತಿದೆ ಎಂಬುದನ್ನು ಮೈಗೆ ಸಮನಾಗಿ ಕೊರೆದ ರಂಧ್ರಗಳಲ್ಲಿನ ಒತ್ತಡದಿಂದ ತಿಳಿಯಲಾಗುತ್ತದೆ. ಸಾಧಾರಣ ವಿಮಾನಗಳಲ್ಲಿ ಇದಕ್ಕೆ ಹೊರಚಾಚಿದ ಕೊಳವೆ ಇರುತ್ತದೆ. ಬಾಹ್ಯಾಕಾಶದಿಂದ ಮರಳುವ ವಾಹನದಲ್ಲಿ ಅಂಥ ಕೊಳವೆ ಕಾವಿಗೆ ಉಳಿಯುವುದಿಲ್ಲ.

ಪುಷ್ಪಕದ ರೆಕ್ಕೆ ಚಿಕ್ಕದು, ತ್ರಿಕೋನಾಕಾರದ್ದು. ಹಿಂದೆ ಎರಡು ಬಾಲರೆಕ್ಕೆಗಳು. ಶಬ್ದಕ್ಕಿಂತ ಹಲವು ಪಟ್ಟು ವೇಗದಲ್ಲಿ ವಾತಾವರಣಕ್ಕೆ ನುಗ್ಗುವಾಗ ಉದ್ದನೆಯ ತೆಳು ರೆಕ್ಕೆ ಬಾಳದು ಎಂಬ ಕಾರಣಕ್ಕೆ ಈ ಆಕಾರ. 2016ರ ಮೇ 23ರಂದು ಇದೇ ಬಗೆಯ ವಾಹನ ಶ್ರೀಹರಿಕೋಟದಿಂದ ಸುಮಾರು 65 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಶಬ್ದದ ಐದು ಪಟ್ಟು ವೇಗದಲ್ಲಿ ಇಳಿದು ಬಂಗಾಳ ಕೊಲ್ಲಿಯನ್ನು ಮುಟ್ಟಿತ್ತು. ಆದರೆ ಮೇಲೆ ಅನುಕೂಲವಾದ ರೆಕ್ಕೆ ಕೆಳಗೆ ತೊಡಕಾಗುತ್ತದೆ. ಎತ್ತುವ ಬಲ ರೆಕ್ಕೆಯ ವಿಸ್ತಾರವನ್ನೂ ವೇಗದ ವರ್ಗವನ್ನೂ ಅವಲಂಬಿಸುತ್ತದೆ. ವಿಸ್ತಾರ ಕಡಿಮೆಯಾದರೆ ಆ ಕೊರತೆಯನ್ನು ವೇಗ ತುಂಬಬೇಕು. ಆದ್ದರಿಂದಲೇ ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 260 ಕಿಲೋಮೀಟರ್, ಯುದ್ಧವಿಮಾನ ಸುಮಾರು 280 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದರೆ ಪುಷ್ಪಕ ಮೂರನೆಯ ಪ್ರಯೋಗದಲ್ಲಿ 320 ದಾಟಿತ್ತು. ಮೊದಲ ಸಲ 350ರ ವೇಗವಿತ್ತು.

ಗಾಲಿಗಳ ಮೇಲೆ 320 ಎಂದರೆ ಎಷ್ಟು ಎಂಬುದಕ್ಕೆ ಮೋಟಾರು ಕಾರಿನ ಚರಿತ್ರೆಯಲ್ಲಿ ಒಳ್ಳೆಯ ಅಳತೆಗೋಲು ಇದೆ. 1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಮಧ್ಯಮ ಗಾತ್ರದ ಕಾರಿಗೆ ದೈತ್ಯ ಎಂಜಿನ್ ಕೂರಿಸಿ ಮಾರತೊಡಗಿದವು. ಮಸಲ್ ಕಾರ್ ಎಂದು ಹೆಸರಾದವು ಇವೇ. ಕ್ರೈಸ್ಲರ್ ಕಂಪನಿ 1969ರಲ್ಲಿ ಹೊರತಂದ ಡಾಡ್ಜ್ ಚಾರ್ಜರ್ ಡೇಟೋನ ಅವುಗಳಲ್ಲಿ ಅತಿ ವಿಲಕ್ಷಣವಾದದ್ದು. ಅದನ್ನು ರೇಸಿಗೆ ಇಳಿಸಬೇಕಾದರೆ ನಿಯಮದಂತೆ ಕನಿಷ್ಠ 500 ಕಾರುಗಳನ್ನು ಜನರಿಗೆ ಮಾರಬೇಕಿತ್ತು, 503 ತಯಾರಾದವು. ಕೊಳ್ಳುವವರಿಗೆ ಸಿಗುತ್ತಿದ್ದದ್ದು 375 ಅಶ್ವಶಕ್ತಿಯ 7.2 ಲೀಟರ್ ಎಂಜಿನ್. ಹೆಚ್ಚು ಹಣ ಕೊಟ್ಟರೆ 425 ಅಶ್ವಶಕ್ತಿಯ 7 ಲೀಟರಿನ ಹೆಮಿ ಎಂಬ ಎಂಜಿನ್. ಆದರೆ ಡೇಟೋನವನ್ನು ಬೇರೆ ಮಾಡಿದ್ದು ಎಂಜಿನ್ ಅಲ್ಲ, ಗಾಳಿ ಸೀಳಲು ಜೋಡಿಸಿದ ಚೂಪು ಮೂತಿ ಮತ್ತು ಹಿಂದೆ 58 ಸೆಂಟಿಮೀಟರಿನಷ್ಟು ಎದ್ದು ನಿಂತ ರೆಕ್ಕೆ. 1970ರ ಮಾರ್ಚ್ 24ರಂದು ಟಲಡೇಗ ಟ್ರ್ಯಾಕಿನಲ್ಲಿ, ರೇಸಿಗಾಗಿ ಅಣಿಗೊಳಿಸಿದ ಡೇಟೋನವೊಂದನ್ನು ಬಡ್ಡಿ ಬೇಕರ್ ಗಂಟೆಗೆ 200.447 ಮೈಲು ಓಡಿಸಿದರು. ಅಂದರೆ 322 ಕಿಲೋಮೀಟರಿಗೂ ತುಸು ಹೆಚ್ಚು, ಪುಷ್ಪಕ ನೆಲ ಮುಟ್ಟಿದ ವೇಗವೇ.

ಎರಡಕ್ಕೂ ರೆಕ್ಕೆ ಇದೆ, ಕೆಲಸ ಮಾತ್ರ ತಿರುಗುಮುರುಗು. ಪುಷ್ಪಕದ ರೆಕ್ಕೆ ಮೇಲಕ್ಕೆ ಎತ್ತುತ್ತದೆ. ಡೇಟೋನದ್ದು ಕಾರಿನ ಹಿಂಭಾಗವನ್ನು ನೆಲಕ್ಕೆ ಒತ್ತಿಹಿಡಿಯುತ್ತದೆ. ಆ ವೇಗದಲ್ಲಿ ಕಾರಿನ ಕೆಳಗೂ ಮೇಲೂ ನುಗ್ಗುವ ಗಾಳಿ ಅದನ್ನು ಹಗುರ ಮಾಡುತ್ತದೆ, ಟೈರಿನ ಹಿಡಿತ ಸಡಿಲವಾಗುತ್ತದೆ. ನೆಲ ಮುಟ್ಟಿದ ಮೇಲೆ ಪುಷ್ಪಕಕ್ಕೂ ಇದೇ ತೊಂದರೆ. ರೆಕ್ಕೆ ಇನ್ನೂ ಎತ್ತುತ್ತಿದ್ದರೆ ಗಾಲಿಗಳ ಮೇಲೆ ಭಾರವಿರುವುದಿಲ್ಲ, ಭಾರವಿಲ್ಲದ ಗಾಲಿಗೆ ಬ್ರೇಕ್ ಹಾಕಿ ಫಲವಿಲ್ಲ. ಹಿಂಗಾಲಿಗಳು ತಾಗಿದ ಮೇಲೆ ಮೂತಿ ಇಳಿದು ಮುಂಗಾಲಿ ನೆಲಕ್ಕೆ ಕೂತರೆ ಗಾಳಿಗೆ ರೆಕ್ಕೆಯ ಕೋನ ತಗ್ಗುತ್ತದೆ, ಭಾರ ಗಾಲಿಗೆ ಸಾಗುತ್ತದೆ. ಅದೇ ಕ್ರೈಸ್ಲರ್ ಕಂಪನಿ ಸ್ಯಾಟರ್ನ್ 1ಬಿ ರಾಕೆಟ್ಟಿನ ಮೊದಲ ಹಂತವನ್ನೂ ಕಟ್ಟುತ್ತಿತ್ತು ಎಂಬುದು ಇಲ್ಲಿ ನೆನೆಯತಕ್ಕದ್ದು. 1968ರಲ್ಲಿ ಅಪೊಲೊ 7ರ ಯಾತ್ರಿಗಳನ್ನು ಒಯ್ದದ್ದು ಆ ರಾಕೆಟ್. ಅದರ ಮೊದಲ ಹಂತ ಸಮುದ್ರದ ಪಾಲಾಯಿತು. ಡೇಟೋನಗಳನ್ನಾದರೋ ಸಂಗ್ರಾಹಕರು ಇಂದಿಗೂ ಓಡಿಸುತ್ತಾರೆ.

ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟ. ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿರುವ ಒಂದು ಟನ್ ತೂಕದಲ್ಲಿ ಸುಮಾರು 40 ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ಅಷ್ಟನ್ನೂ ಗಾಲಿಯ ಬ್ರೇಕೇ ನುಂಗಬೇಕೆಂದರೆ ಬ್ರೇಕು ಕೆಂಪಗೆ ಕಾದುಹೋಗುತ್ತದೆ. ಹಾಗಾಗಿ ಪುಷ್ಪಕದ ಹಿಂಬದಿಯಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ವೇಗವನ್ನು 100ರ ಹತ್ತಿರಕ್ಕೆ ತರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅಷ್ಟು ಹೊತ್ತಿಗೆ ಶೇ 90ರಷ್ಟು ಶಕ್ತಿ ಕಳೆದಿರುತ್ತದೆ. ಉಳಿದ ಹತ್ತನೆಯ ಒಂದು ಪಾಲು ಮಾತ್ರ ಗಾಲಿಯ ಬ್ರೇಕಿಗೆ. ಈ ಹಂಚಿಕೆ ಬಹಳ ಜಾಣತನದ್ದು: ಗಾಳಿಯ ತಡೆಯೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಪ್ಯಾರಾಚೂಟ್ ಜೋರು ವೇಗದಲ್ಲೇ ಬಲಶಾಲಿ, ವೇಗ ತಗ್ಗಿದ ಮೇಲೆ ಅದು ಬರೀ ಬಟ್ಟೆ. ಬ್ರೇಕಿನ ಗುಣ ಇದಕ್ಕೆ ತದ್ವಿರುದ್ಧ. ಅಮೆರಿಕದ ಡ್ರ್ಯಾಗ್ ರೇಸುಗಳಲ್ಲಿ ಗಂಟೆಗೆ 150 ಮೈಲು ದಾಟುವ ಕಾರುಗಳಿಗೆ ಪ್ಯಾರಾಚೂಟ್ ಕಡ್ಡಾಯ. ನಾಸಾದ ರೆಕ್ಕೆಯುಳ್ಳ ನೌಕೆಗಳಿಗೆ ಅದು ಸೇರಿದ್ದು 1992ರಲ್ಲಿ. ಪುಷ್ಪಕ ಓಡುವಾಗ ದಿಕ್ಕು ತಪ್ಪದಂತೆ ಮೊದಲು ಬಾಲದ ಚುಕ್ಕಾಣಿಯೂ, ಗಾಳಿಯ ಬಲ ಕುಂದಿದ ಮೇಲೆ ಮುಂಗಾಲಿಯ ತಿರುಗಿಸುವ ವ್ಯವಸ್ಥೆಯೂ ನೋಡಿಕೊಳ್ಳುತ್ತವೆ.

ಮೂರನೆಯ ಪ್ರಯೋಗಕ್ಕೆ ಹೊಸ ವಾಹನ ಕಟ್ಟಲಿಲ್ಲ. ಎರಡನೆಯದರಲ್ಲಿ ಇಳಿದ ಒಡಲನ್ನೂ ಹಾರಾಟದ ಉಪಕರಣಗಳನ್ನೂ ಬದಲಾವಣೆ ಮಾಡದೆ ಮತ್ತೆ ಹಾರಿಸಲಾಯಿತು. ಮರುಬಳಕೆ ಎಂಬ ಮಾತಿಗೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಮುಂದಿನ ಹೆಜ್ಜೆ ಇದಕ್ಕಿಂತ ದೊಡ್ಡ ವಾಹನವನ್ನು ರಾಕೆಟ್ಟಿನ ಮೇಲೇರಿಸಿ ಕಕ್ಷೆಗೆ ಕಳಿಸಿ, ಅಲ್ಲಿಂದ ರನ್‌ವೇಗೆ ಇಳಿಸುವುದು. ಕಕ್ಷೆಯಲ್ಲಿನ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಅಲ್ಲಿಂದ ಗಂಟೆಗೆ 320 ಕಿಲೋಮೀಟರಿಗೆ ಬರುವವರೆಗಿನ ದಾರಿ, ಅದರ ಬೆಂಕಿಯಂಥ ಕಾವು ಇವೆಲ್ಲ ಇನ್ನು ಪರೀಕ್ಷೆಯಾಗಬೇಕು. 320ರಿಂದ ಸೊನ್ನೆಗೆ ಬರುವ ಭಾಗವನ್ನು ಚಳ್ಳಕೆರೆಯಲ್ಲಿ ಮೂರು ಬಾರಿ ಮಾಡಿ ತೋರಿಸಲಾಗಿದೆ.