ಉಚಿತ ಸಲಹೆಗೆ ಹಣ ಕೊಡುವವರು ಯಾರು?

ಕಳೆದ ರಜೆಯಲ್ಲಿ ಅಬ್ಬಾ ಮತ್ತು ಆಪಾ ಜೊತೆ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ವಿದೇಶಿ ಶಿಕ್ಷಣ ಮೇಳಕ್ಕೆ ಹೋಗಿದ್ದೆ. ಬಿ.ಎಸ್ಸಿ. ಮುಗಿಸಿರುವ ಆಪಾಗೆ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುವ ಆಸೆ. ಅದಕ್ಕಾಗಿ ಮನೆ ಕಟ್ಟಲು ಇಟ್ಟಿದ್ದ ಸೈಟು ಮಾರುವ ಮಾತೂ ಮನೆಯಲ್ಲಿ ನಡೆದಿತ್ತು.

ಬಾಗಿಲಲ್ಲೇ ಫೋನ್ ನಂಬರ್ ಬರೆಸಿಕೊಂಡು ಒಂದು ಚೀಲ, ಒಂದು ಪೆನ್ನು ಕೊಟ್ಟರು. ಸಲಹೆ ಪೂರ್ತಿ ಉಚಿತ ಎಂದರು. ಟೈಲ್ಸ್ ಅಂಗಡಿ ನಡೆಸುವ ಅಬ್ಬಾ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ಕೇಳಿದರು: “ನಮ್ಮ ಹತ್ತಿರ ಒಂದು ಪೈಸೆ ತಗೊಳ್ಳಲಿಲ್ಲ. ಹಾಗಾದ್ರೆ ಇವರಿಗೆ ಸಂಬಳ ಯಾರು ಕೊಡ್ತಾರೆ?”

ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ ಉತ್ತರ ಹುಡುಕುವುದು ನನ್ನ ಕೆಲಸವಾಯಿತು. ಕೊಡುವುದು ವಿಶ್ವವಿದ್ಯಾಲಯವೇ. ಏಜೆಂಟರ ಮೂಲಕ ಬಂದ ವಿದ್ಯಾರ್ಥಿ ಶುಲ್ಕ ಕಟ್ಟಿ ಸೇರಿದ ಮೇಲೆ, ಸಾಮಾನ್ಯವಾಗಿ ಮೊದಲ ವರ್ಷದ ಶುಲ್ಕದ ಒಂದು ಪಾಲು ಕಮಿಷನ್ ಆಗಿ ಏಜೆಂಟರಿಗೆ ಹೋಗುತ್ತದೆ. ಈ ದರ ಎಲ್ಲ ಕಡೆ ಒಂದೇ ಅಲ್ಲ. ಅಬ್ಬಾ ನಕ್ಕರು: “ನಮ್ಮಲ್ಲೂ ಹೀಗೇ. ಮಾರ್ಜಿನ್ ಜಾಸ್ತಿ ಇರೋ ಮಾಲನ್ನೇ ಮುಂದೆ ಜೋಡಿಸಿಡೋದು.”

ಏಜೆಂಟರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ವೀಸಾ ಅರ್ಜಿಯಲ್ಲಿ ಅವರಿಂದ ನಿಜವಾಗಿ ಸಹಾಯವಾಗುತ್ತದೆ. ಆದರೆ ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಅವುಗಳ ಒಂದು ಮೇಜೂ ಆ ಮೇಳದಲ್ಲಿ ನನಗೆ ಕಾಣಲಿಲ್ಲ. ಶುಲ್ಕವೇ ಇಲ್ಲದ ಮೇಲೆ ಕಮಿಷನ್ ಎಲ್ಲಿಂದ ಬರಬೇಕು?

ಇಷ್ಟು ಖರ್ಚು ಮಾಡಿ ನಮ್ಮನ್ನು ಕರೆಯುವುದೇಕೆ? ಇಂಗ್ಲೆಂಡಿನಲ್ಲಿ ಸ್ಥಳೀಯ ಪದವಿ ವಿದ್ಯಾರ್ಥಿಯಿಂದ ಪಡೆಯಬಹುದಾದ ಶುಲ್ಕಕ್ಕೆ ಸರ್ಕಾರದ ಮಿತಿಯಿದೆ. 2012ರಲ್ಲಿ ವರ್ಷಕ್ಕೆ 9,000 ಪೌಂಡ್ ಇದ್ದದ್ದು 2017ರಲ್ಲಿ 9,250 ಆಗಿ, 2025ರವರೆಗೆ ಅಲ್ಲೇ ನಿಂತಿತ್ತು. ಸಂಬಳ, ವಿದ್ಯುತ್, ಬೆಲೆ ಯಾವುದೂ ನಿಲ್ಲಲಿಲ್ಲ. ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಅಂಥ ಮಿತಿಯಿಲ್ಲ. ಅಲ್ಲಿನ ಖೋತಾ ತುಂಬುವುದು ನಮ್ಮಂಥವರ ಸೈಟು. ಜೊತೆಗೆ ಕ್ಯೂಎಸ್ ರ‍್ಯಾಂಕಿಂಗ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಪ್ರಮಾಣಕ್ಕೇ ಶೇ. 5 ಅಂಕವಿದೆ. ನಾವು ಹೋದರೆ ರ‍್ಯಾಂಕ್ ಏರುತ್ತದೆ, ಆ ರ‍್ಯಾಂಕ್ ತೋರಿಸಿ ಮತ್ತಷ್ಟು ಜನರನ್ನು ಕರೆಯಬಹುದು.

ಪೈಪೋಟಿಯಲ್ಲಿ ಸರ್ಕಾರಗಳೂ ಇವೆ. ಅವುಗಳ ಕೈಯಲ್ಲಿರುವುದು ವೀಸಾ. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ಅವಕಾಶವನ್ನು ಬ್ರಿಟನ್ 2012ರಲ್ಲಿ ನಿಲ್ಲಿಸಿತು. ಭಾರತೀಯರ ಸಂಖ್ಯೆ ಕುಸಿಯಿತು. 2021ರಲ್ಲಿ ಅದೇ ಅವಕಾಶ ಹೊಸ ಹೆಸರಿನಲ್ಲಿ ಮರಳಿತು, ವಿದ್ಯಾರ್ಥಿಗಳೂ ಮರಳಿದರು. 2025ರಲ್ಲಿ ಅದನ್ನು 18 ತಿಂಗಳಿಗೆ ಇಳಿಸುವ ಘೋಷಣೆ ಬಂತು. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೇ ಮಿತಿ ಹಾಕಿತು. ಸೇರುವಾಗ ಇದ್ದ ನಿಯಮ ಹೊರಬರುವಾಗಲೂ ಇರುತ್ತದೆ ಎಂದು ಮೇಳದ ಯಾವ ಮೇಜಿನವರೂ ಬರೆದುಕೊಡಲಾರರು.

ಆಪಾ ಆಸೆ ಬಿಟ್ಟಿಲ್ಲ. ಈಗ ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲೇ ಶುಲ್ಕ, ವಿದ್ಯಾರ್ಥಿವೇತನ ನೋಡಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಜರ್ಮನ್ ತರಗತಿಯ ವಿಚಾರಣೆಯೂ ನಡೆದಿದೆ. ಮೇಳದವರು ಫೋನ್ ಮಾಡಿದಾಗ, “ಈ ವಿಶ್ವವಿದ್ಯಾಲಯದಿಂದ ನಿಮಗೆ ಕಮಿಷನ್ ಎಷ್ಟು?” ಎಂದು ಕೇಳಿದಳು. ಮತ್ತೆ ಫೋನ್ ಮಾಡುತ್ತೇವೆ ಎಂದರು. ಇನ್ನೂ ಮಾಡಿಲ್ಲ.